ಬಿಗಿಯಾದ ಉಡದಾರ

ರಂಗಂಪೇಟೆಯ ಗೊಲ್ಲಾಳಮ್ಮನ ಮೂಗು ಎಂಥದೆಂದರೆ, ಸುರಪುರದ ಗುಡ್ಡದ ಆಚೆ ಯಾರದೋ ಮನೆಯಲ್ಲಿ ಹಾಲು ಉಕ್ಕಿದರೆ ಈಕೆ ಇಲ್ಲಿ ಜೋಳ ಕೇರುತ್ತ ಕುಳಿತಲ್ಲೇ, "ಎಮ್ಮಿ ಹಾಲು. ಅರ್ಧ ನೀರು ಬೆರಸ್ಯಾರ" ಎಂದುಬಿಡುತ್ತಿದ್ದಳು. ಒಮ್ಮೆ ಶಹಾಪುರದಿಂದ ಬಂದ ಬೀಗರ ರುಮಾಲು ಮೂಸಿ, ಅವರು ದಾರಿಯಲ್ಲಿ ಯಾರ ಮನೆಯಲ್ಲಿ ಎಂಥ ಪಲ್ಯ ಉಂಡು ಬಂದರೆಂದು ಹೇಳಿದ್ದಳು. ಅಂದಿನಿಂದ ಬೀಗರು ಆ ಮನೆಗೆ ಬರುವಾಗ ರುಮಾಲು ಒಗೆಸಿಕೊಂಡೇ ಬರುತ್ತಿದ್ದರು.

ಅಂಥ ಮೂಗಿಗೆ ತನ್ನ ಹಿತ್ತಲ ಗೋಡೆಯ ಆಚೆಯ ವಾಸನೆ ಮಾತ್ರ ಚಳಿಗಾಲ ಅರ್ಧ ಕಳೆಯುವವರೆಗೂ ಹತ್ತಲಿಲ್ಲ.

ನಿಜಾಮರ ಸರಕಾರ ಜೋಳಕ್ಕೆ ಲೆವಿ ಹಾಕಿ, ಬೆಳೆದದ್ದರಲ್ಲಿ ಪಾಲು ಕಿತ್ತುಕೊಳ್ಳುತ್ತಿದ್ದ ಕಾಲ ಅದು. ವಸೂಲಿಯ ಅಮೀನ ಬರುತ್ತಾನೆಂದು ಸುದ್ದಿ ಬಂದರೆ ಸಾಕು, ಊರಿಗೆ ಊರೇ ಕಾಳನ್ನು ನೆಲದೊಳಗಿನ ಹಗೇವಿಗೆ ಇಳಿಸಿ, ಮೇಲೆ ಸಗಣಿ ಸಾರಿಸಿ, ರಂಗೋಲಿ ಬಿಟ್ಟು, "ನಮ್ಮ ಮನಿಯಾಗ ಇಲಿಗೂ ಕಾಳಿಲ್ರಿ" ಎನ್ನುತ್ತಿತ್ತು. ಎಲ್ಲರೂ ಎಲ್ಲವನ್ನೂ ಮರೆಯಲ್ಲಿ ಇಡುತ್ತಿದ್ದರು. ಗೊಲ್ಲಾಳಮ್ಮ ಒಂದು ಹೆಜ್ಜೆ ಮುಂದೆ. ಮೊಮ್ಮಗನ ಊಟವನ್ನೂ ಮರೆಯಲ್ಲಿ ಇಟ್ಟಿದ್ದಳು.

ಮೊಮ್ಮಗ ಎಂದರೆ ಮಗ ಭೀಮರಾಯನ ಒಂದೇ ಕೂಸು. ಎರಡು ತುಂಬಿ ಮೂರಕ್ಕೆ ಬಿದ್ದಿತ್ತು. ಹೆಸರು ಬಸವಂತ್ರಾಯ. ಆಳಿಗಿಂತ ಹೆಸರೇ ಉದ್ದವಾಯಿತೆಂದು ಮನೆಯವರು ಬಸ್ಯಾ ಎನ್ನುತ್ತಿದ್ದರು. ಊಟದ ಹೊತ್ತಾಯಿತೆಂದರೆ ಸೊಸೆ ಸೂಗಮ್ಮ ಅವನನ್ನು ಎತ್ತಿಕೊಂಡು ಒಳಕೋಣೆಯ ಕದದ ಹಿಂದೆ, ಗೋಡೆಗೆ ಮುಖ ಮಾಡಿ ಕೂರಬೇಕು. ಗೊಲ್ಲಾಳಮ್ಮ ಉಪ್ಪು-ಮೆಣಸಿನಕಾಯಿ ನಿವಾಳಿಸಿ, ಬಾಗಿಲಿಗೆ ಅಡ್ಡ ಕೌದಿ ಹಿಡಿದು ನಿಲ್ಲುತ್ತಿದ್ದಳು. ತಾಟಿನಲ್ಲಿ ಬಿಳಿ ಅನ್ನ, ತುಪ್ಪ, ಸಕ್ಕರೆ. ರೊಟ್ಟಿಯ ಸೀಮೆಯಲ್ಲಿ ಅನ್ನವೆಂದರೆ ಬೀಗರು ಬಂದಾಗಿನ ಅಡುಗೆ. ಸಕ್ಕರೆಯಂತೂ ರೇಷನ್ ಚೀಟಿ ಇದ್ದವರಿಗಷ್ಟೇ. ಅಂಥದನ್ನು ಕಂಡು ಬಸ್ಯಾ ತುಟಿಗೆ ಬೀಗ ಹಾಕುತ್ತಿದ್ದ.

ಕೂಸು ಉಣ್ಣುವುದನ್ನು ಯಾರೂ ನೋಡಬಾರದು, ಯಾರ ತುತ್ತಿನ ಮೇಲೂ ಕೂಸಿನ ಕಣ್ಣು ಬೀಳಬಾರದು. ಗಂಡಸರು ಪಡಸಾಲೆಯಲ್ಲಿ ಉಣ್ಣುವಾಗ ಅವನು ಕದದ ಹಿಂದೆ. ಹೆಂಗಸರು ಒಲೆಯ ಮುಂದೆ ಉಣ್ಣುವಾಗ ತೊಟ್ಟಿಲಲ್ಲಿ.

ಇದಕ್ಕೆ ಕಾರಣವಿತ್ತು. ಗೊಲ್ಲಾಳಮ್ಮನ ಚೊಚ್ಚಲ ಗಂಡು ಹಿಂದೊಮ್ಮೆ ಹಿತ್ತಲಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಾಗ, ಹಿಂದಿನ ಮನೆಯ ಬಾಗವಾನರ ಮುದುಕಿ ಗೋಡೆಯ ಮೇಲಿಂದ ಇಣುಕಿ, "ಎಷ್ಟು ಚೆಂದ ತಿಂತದವ್ವ ಕೂಸು" ಎಂದಿದ್ದಳು. ಆ ವಾರವೇ ಜ್ವರ ಬಂತು. ಕೂಸು ಉಳಿಯಲಿಲ್ಲ. ಈಗ ಆ ಮುದುಕಿಯೂ ಇಲ್ಲ. ಆದರೆ ಅವಳ ಸೊಸೆ ಹಬೀಬಾ ಇದ್ದಳು, ಆ ಗೋಡೆ ಇತ್ತು, ಆ ಮಾತು ಗೊಲ್ಲಾಳಮ್ಮನ ಕಿವಿಯಲ್ಲಿ ಹಾಗೇ ಇತ್ತು.

"ಏನಾತು? ತಿಂದಾನೇನು?" ಕೌದಿಯ ಈಚೆಯಿಂದ ಗೊಲ್ಲಾಳಮ್ಮ ಕೇಳಿದಳು.

"ಇಲ್ರಿ ಅತ್ತಿ. ತುಟಿ ಬಿಚ್ಚವಲ್ಲ."

"ನಿನ್ನ ಕೈಯಾಗ ಏನೋ ಐಬದ."

"ಐಬು ಕೈಯಾಗಿಲ್ರಿ, ಕೌದ್ಯಾಗ ಅದ. ಈ ಕತ್ತಲದಾಗ ಕೂಸಿನ ಬಾಯಿ ಎಲ್ಲದ, ಕಿವಿ ಎಲ್ಲದ ಅಂತ ನನಗೇ ತಿಳಿವಲ್ದು."

ಪಡಸಾಲೆಯಿಂದ ಗೊಲ್ಲಾಳಮ್ಮನ ಗಂಡ ಅಯ್ಯಣ್ಣ ಕೂಗಿದ. "ಏ, ಅಮೀನ ಬಂದಾನೇನು? ಅನ್ನಾನೂ ಹಗೇವಿಗೆ ಇಳಸಾಕತ್ತೀರಲ್ಲ!"

"ನೀವು ಸುಮ್ಕ ಕೂಡ್ರಿ!"

"ನಮ್ಮ ಬೋನಾಳ ಕೆರ್ಯಾಗಿನ ಕೊಕ್ಕರಿ ಸೈತ ಮರಿಗೆ ಬಯಲಾಗೇ ಉಣಸತಾವ್ರಿ" ಎಂದಳು ಸೂಗಮ್ಮ. ಬೋನಾಳ ಅವಳ ತವರು.

"ಹೌದವ್ವ. ಕೊಕ್ಕರಿ ಊರಿಂದ ಸೊಸಿ ತಂದಿದ್ದು ನನ್ನದೇ ತಪ್ಪು."

ದೀಪಾವಳಿ ಕಳೆದ ಮೇಲೆ ಮಗಳು ಪಾರ್ವತೆಮ್ಮ ಹುಣಸಗಿಯಿಂದ ಗಾಡಿ ಕಟ್ಟಿಸಿಕೊಂಡು ಬಂದಳು. ಅವಳಿಗೆ ಹೊಲವಿತ್ತು, ಎತ್ತಿದ್ದವು, ಮಕ್ಕಳಿರಲಿಲ್ಲ. ಮಡಿಲಲ್ಲಿ ಹೈದರಾಬಾದಿನಿಂದ ತರಿಸಿದ ಬಿಸ್ಕೂಟಿನ ಡಬ್ಬಿ. ಬಸ್ಯಾ ಒಂದು ಬಿಸ್ಕೂಟು ನೆಕ್ಕಿ, ಒದ್ದೆ ಮಾಡಿ, ಎರಡನೆಯದನ್ನು ಅಜ್ಜನ ಕಿವಿಗೆ ತುರುಕಿದ.

"ನೋಡಿದಿಯೇನು ಯವ್ವಾ?" ಎಂದಳು ಪಾರ್ವತೆಮ್ಮ. "ಇಷ್ಟ ಅಂದ್ರ ಇಷ್ಟಾದ್ರೂ ನನ್ನ ಕೈಯಾಗ ತಿಂದ. ಈ ಮನಿ ಅನ್ನ ಕೂಸಿಗೆ ಹೊಂದಿಲ್ಲ. ನನ್ನ ಕಡಿ ಕೊಡು. ಬೆಳಸಿ ಕೊಡತೀನಿ."

"ತಿಂದನೋ ನೆಕ್ಕಿದನೋ ಅಕ್ಕಾರ?" ಒಳಗಿನಿಂದ ಸೂಗಮ್ಮ ಕೇಳಿದಳು. "ದಿನಾ ಸಕ್ಕರಿ ನೆಕ್ಕಿದ್ರ ಹೊಟ್ಟಿಗೇನು ಹೋಗತದ?"

"ನಿನ್ನ ತುಪ್ಪದನ್ನಕ್ಕ ನನ್ನ ಬಿಸ್ಕೂಟು ಅಡ್ಡ ಬಂತೇನವ್ವ?"

ಅಂಗಡಿ ಮುಚ್ಚಿ ಉಣ್ಣಲು ಬಂದಿದ್ದ ಭೀಮರಾಯ ಅವ್ವನ ಮುಖ ನೋಡಿದ, ಅಕ್ಕನ ಮುಖ ನೋಡಿದ, ಹೆಂಡತಿಯಿದ್ದ ಕಡೆಗೆ ಮಾತ್ರ ನೋಡಲಿಲ್ಲ. "ಅಕ್ಕ ಹೇಳೂದೂ ಖರೇ ಅದ" ಎಂದ. ಅಡುಗೆಮನೆಯಲ್ಲಿ ಸೌಟು ಬಿದ್ದ ಸಪ್ಪಳವಾಯಿತು. "ಸೂಗಿ ಹೇಳೂದೂ ಖರೇ" ಎಂದು ಸೇರಿಸಿದ.

ಕಡೆಗೆ ಗೊಲ್ಲಾಳಮ್ಮನೇ ತೀರ್ಮಾನ ಕೊಟ್ಟಳು. "ಎಳ್ಳಮಾಸಿ ಹಬ್ಬದತನ ನೋಡೂಣು. ಅಷ್ಟರಾಗ ಕೂಸು ಈ ಮನಿಯಾಗ ಹೊಟ್ಟಿತುಂಬ ಉಂಡ್ರ ಛಲೋ. ಇಲ್ಲಂದ್ರ ಪಾರ್ವತಿ, ಗಾಡಿ ತಗೊಂಡು ಬಾ. ಒಂದು ಕೂಸು ಮಣ್ಣಿಗೆ ಕೊಟ್ಟೀನಿ, ಇನ್ನೊಂದು ಕೊಡಂಗಿಲ್ಲ."

ಸೂಗಮ್ಮ ಹೊರಗೆ ಬಂದು ನಿಂತಳು. "ಅತ್ತಿ, ಮೇವು ತಿನ್ನವಲ್ದು ಅಂತ ಯಾರರೆ ತಮ್ಮ ಕರುನ ಒಯ್ದು ಮಂದಿ ದೊಡ್ಡ್ಯಾಗ ಕಟ್ಟತಾರೇನ್ರಿ?"

ಪಾರ್ವತೆಮ್ಮ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಒತ್ತಿದಳು.

ಅದಾದ ಮೇಲೆ ಒಂದು ಸೋಮವಾರ ಗೊಲ್ಲಾಳಮ್ಮ ಮೊಮ್ಮಗನಿಗೆ ಎರೆಯುತ್ತಿದ್ದಳು. ಬೆನ್ನು ತಿಕ್ಕಿ ಸೊಂಟಕ್ಕೆ ಬಂದಾಗ ಕೈ ನಿಂತಿತು. ದೀಪಾವಳಿಯಲ್ಲಿ ತಾನೇ ಕಟ್ಟಿದ್ದ ಕರಿ ಉಡದಾರ ಚರ್ಮದಲ್ಲಿ ಗೆರೆ ಮೂಡಿಸಿ ಕೂತಿತ್ತು. ಆಗ ಎರಡು ಬೆರಳು ಆಡುತ್ತಿದ್ದ ಜಾಗದಲ್ಲಿ ಈಗ ಉಗುರು ಹೋಗುತ್ತಿರಲಿಲ್ಲ. ಗಂಟು ಬಿಚ್ಚಿ ಸಡಿಲಿಸಿದಳು. ಬಸ್ಯಾ ಹೊಟ್ಟೆ ಮುಂದೆ ಮಾಡಿ ನಕ್ಕ.

"ಏನ್ರಿ, ಇಲ್ಲಿ ಬರ್ರಿ. ಉಣ್ಣದ ಕೂಸಿನ ಉಡದಾರ ಬಿಗಿ ಆಗತದೇನು?"

ಅಯ್ಯಣ್ಣ ಬಂದು ಬಗ್ಗಿ ನೋಡಿದ. "ಗಾಳಿ ಕುಡದಿರಬೇಕು. ನಿನ್ನ ವಂಶ ಅಲ್ಲೇನು, ಗಾಳಿ ಮೂಸೇ ಹೊಟ್ಟಿ ತುಂಬತದ."

ಗೊಲ್ಲಾಳಮ್ಮ ನಗಲಿಲ್ಲ. ಮನೆಯಲ್ಲಿ ಯಾರೋ ಕೂಸಿಗೆ ಕದ್ದು ಏನೋ ತಿನಿಸುತ್ತಿದ್ದಾರೆ. ಯಾರು? ಏನು? ತನಗೇಕೆ ಹೇಳುವುದಿಲ್ಲ? ಅಂದಿನಿಂದ ಆ ಮನೆಯಲ್ಲಿ ಅಮೀನನ ಕಾಟ ಏನೂ ಅಲ್ಲ ಎನ್ನುವಂತಾಯಿತು.

ಮೊದಲು ಸೊಸೆಯ ಸರದಿ. ತುಪ್ಪದ ಗಡಿಗೆಗೆ ಮಸಿಯಿಂದ ಗೆರೆ ಎಳೆದಳು. ತುಪ್ಪ ಗೆರೆ ಬಿಟ್ಟು ಇಳಿಯಲಿಲ್ಲ.

"ಕೈ ತಾ ಇಲ್ಲಿ."

"ಯಾಕ್ರಿ?"

"ತಾ ಅಂದ್ರ ತಾ." ಮೂಸಿದಳು. ಹಿಟ್ಟು, ಹೊಗೆ, ಬೆಳ್ಳುಳ್ಳಿ. ಕಳ್ಳತನದ ವಾಸನೆ ಇಲ್ಲ.

"ಕಾಲೂ ಮೂಸತೀರೇನ್ರಿ?" ಎಂದಳು ಸೂಗಮ್ಮ. ಆದರೆ ಹಾಗೆನ್ನುವಾಗ ಅವಳ ಕಣ್ಣು ಒಂದು ಗಳಿಗೆ ಹಿತ್ತಲ ಬಾಗಿಲ ಕಡೆ ಹೋಗಿ ಬಂತು. ಗೊಲ್ಲಾಳಮ್ಮ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಆಮೇಲೆ ಗಂಡನ ಅಂಗಿಯ ಕಿಸೆ ತಿರುವಿದಳು. ಬೆಲ್ಲದ ಹೆಂಟೆ, ಒಂದು ಹಿಡಿ ಪುಠಾಣಿ ಬಿತ್ತು. ಬೆಲ್ಲ ಮುಟ್ಟಬೇಡ ಎಂದು ಹಕೀಮರು ಆತನಿಗೆ ಎರಡು ವರ್ಷದ ಹಿಂದೆಯೇ ಹೇಳಿದ್ದರು.

"ಕೂಸಿಗೆ ತಿನಸಾಕತ್ತೀರಿ!"

"ಹುಚ್ಚಿ, ನನಗೇ ಸಾಲವಲ್ದು, ಕೂಸಿಗೆಲ್ಲಿ ಕೊಡಲಿ?"

ಆತನ ಕಳ್ಳತನ ಸಿಕ್ಕಿತು. ಕೂಸಿನದು ಸಿಗಲಿಲ್ಲ.

ಸಿಕ್ಕಿದ್ದು ತಿಪ್ಪೆಯ ಪಕ್ಕದಲ್ಲಿ. ಬೆಳಗ್ಗೆ ಬಸ್ಯಾ ಅಲ್ಲಿ ಕುಕ್ಕರಗಾಲಲ್ಲಿ ಕೂತು ಎದ್ದ ಮೇಲೆ ಗೊಲ್ಲಾಳಮ್ಮ ನೋಡಿ ಎದೆ ಬಡಿದುಕೊಂಡಳು. "ಅಯ್ಯಯ್ಯೋ, ಕೆಂಪಗದಲ್ರಿ! ಯಾರೋ ಮಾಟ ಮಾಡ್ಯಾರ! ಕುಂಕಮ ತಿನಿಸ್ಯಾರ!"

ಅಯ್ಯಣ್ಣ ಕೋಲು ಹಿಡಿದು ಬಂದು, ಮೂಗು ಮುಚ್ಚಿಕೊಂಡು ಕೆದಕಿದ. "ಕುಂಕಮಲ್ಲ ಮಾರಾಯ್ತಿ, ಗಜ್ಜರಿ. ಇವು ನೋಡು, ಪೇರಲ ಬೀಜ."

ಪೇರಲ ಗಿಡ ಆ ಓಣಿಯಲ್ಲಿ ಇದ್ದದ್ದು ಒಂದೇ. ಹಬೀಬಾಳ ಹಿತ್ತಲಲ್ಲಿ.

ಗೊಲ್ಲಾಳಮ್ಮ ಗೋಡೆಯ ಕಡೆ ಕೈ ತೋರಿಸಿದಳು. "ಆ ಮನಿಯಾಗ! ಅದೇ ಹಿತ್ತಲದಾಗ! ಪೇರಲ ಕೊಟ್ಟಾಕಿ ಮತ್ತೇನೇನು ಕೊಟ್ಟಾಳೋ. ಕೋಳಿ ತತ್ತಿ ತಿನಿಸಿದ್ರ?"

"ತತ್ತಿಗೆ ಬೀಜ ಇರತಾವೇನು?"

"ನಿಮಗ ನಗಿ. ನಾನು ಕಣ್ಣಾರೆ ಹಿಡಿತೀನಿ."

ಮರುದಿನ ಮಧ್ಯಾಹ್ನ, "ಮಠಕ್ಕ ಹೋಗಿ ಬರತೀನಿ" ಎಂದು ಸೊಸೆಗೆ ಕೇಳುವಂತೆ ಹೇಳಿ, ಮುಂದಿನ ಬಾಗಿಲಿನಿಂದ ಹೊರಟು, ಓಣಿ ಸುತ್ತಿ ಬಂದು ದನದ ಕೊಟ್ಟಿಗೆಯಲ್ಲಿ ಎಮ್ಮೆಯ ಹಿಂದೆ ಕುಳಿತಳು. ಎಮ್ಮೆ ಬಾಲದಿಂದ ಮುಖಕ್ಕೆ ಬಾರಿಸಿತು. ಅದಕ್ಕೂ ಸುಮ್ಮನಿದ್ದಳು.

ಹಿತ್ತಲ ಬಾಗಿಲು ತೆರೆಯಿತು. ಸೂಗಮ್ಮ ಬಂದಳು, ಕಂಕುಳಲ್ಲಿ ಬಸ್ಯಾ. ಮಳೆಗೆ ಕುಸಿದಿದ್ದ ಗೋಡೆಯ ಜಾಗಕ್ಕೆ ಒತ್ತಿದ್ದ ಜಾಲಿಮುಳ್ಳನ್ನು ಕೋಲಿನಿಂದ ಸರಿಸಿದಳು. ಕೂಸನ್ನು ಆಚೆ ಇಳಿಸಿ, "ಹೋಗು ನನ್ನಪ್ಪ" ಎಂದಳು. ಹತ್ತಿರದ ಮುಳ್ಳಿಗೆ ಅವನ ಅಂಗಿ ಸಿಕ್ಕಿತು, ಅವನೇ ಬಿಡಿಸಿಕೊಂಡ. ಓಡಾಡಿ ರೂಢಿಯಾದ ದಾರಿ ಎಂದು ಅಷ್ಟಕ್ಕೇ ತಿಳಿಯುತ್ತಿತ್ತು. ಸೂಗಮ್ಮ ಒಳಗೆ ಹೋಗುತ್ತಲೇ ಗೊಲ್ಲಾಳಮ್ಮ ಗೋಡೆಯ ಬಿರುಕಿಗೆ ಕಣ್ಣು ಹಚ್ಚಿದಳು.

ಹಬೀಬಾ ಸುರಪುರದ ಸಂತೆಗೆ ಕಾಯಿಪಲ್ಲೆ ಹೊರುವವಳು. ಬಾವಿಯ ಪಕ್ಕ ಹೊಲದಿಂದ ಕಿತ್ತು ತಂದ ಗಜ್ಜರಿ ರಾಶಿ ಬಿದ್ದಿತ್ತು. ಅವಳ ಮೊಮ್ಮಕ್ಕಳು ನೀರು ತುಂಬಿದ ಕಲ್ಲುದೋಣಿಗೆ ಗಜ್ಜರಿ ಹಾಕಿ ಮಣ್ಣು ತೊಳೆಯುತ್ತಿದ್ದವು. ಬಸ್ಯಾ ಅವರ ನಡುವೆ ಜಾಗ ಮಾಡಿಕೊಂಡ. ಒಂದು ಗಜ್ಜರಿ ತೊಳೆದು ಬುಟ್ಟಿಗೆ ಹಾಕಿದ. ಇನ್ನೊಂದು ತೊಳೆದು ಕಚ್ಚಿದ. ಪಕ್ಕದ ಹುಡುಗಿ ಹಸಿಕಡಲೆ ಸುಲಿದು ಬಾಯಿಗೆ ಎಸೆದುಕೊಂಡಳು. ಬಸ್ಯಾ ಅವಳ ಬಾಯಿಯನ್ನೇ ನೋಡಿ, ತಾನೂ ಒಂದು ಕಾಯಿ ಕಿತ್ತು, ಸಿಪ್ಪೆಸಮೇತ ಅಗಿದು, ಮುಖ ಕಿವುಚಿ ಉಗುಳಿದ. ಮತ್ತೆ ಕಿತ್ತ. ಈ ಸಲ ಅವಳಂತೆಯೇ ಸುಲಿದ. ಯಾರೂ "ತಿನ್ನು" ಎನ್ನಲಿಲ್ಲ. ಹಬೀಬಾ ಪೇರಲ ಹೆಚ್ಚಿ ತಾನೊಂದು ಹೋಳು ತಿಂದಳು. ಮಕ್ಕಳ ಕೈಗಳ ಜೊತೆ ಬಸ್ಯಾನ ಕೈಯೂ ಮುಂದೆ ಬಂತು.

"ಏ ಕೋತಿ!" ಹಬೀಬಾ ಗದರಿದಳು. "ಕರಿ ಕೋತಿ! ನನ್ನ ಬ್ಯಾಪಾರ ಮುಳಗಸತಿಯೇನೋ? ಥೂ, ನೋಡು ಹೆಂಗ ತಿಂತದ ಸುಟ್ಟ ಮಾರೀದು!"

ಗೊಲ್ಲಾಳಮ್ಮನಿಗೆ ತಲೆಯಿಂದ ಕಾಲಿನವರೆಗೆ ಬೆಂಕಿ ಹತ್ತಿತು. ಮುಳ್ಳನ್ನು ಬರಿಗೈಯಲ್ಲಿ ಕಿತ್ತೆಸೆದು ಆಚೆ ನುಗ್ಗಿದಳು.

"ಹಬೀಬಾ! ನನ್ನ ಮೊಮ್ಮಗನಿಗೆ ಕೋತಿ ಅಂತಿ?"

ಮಕ್ಕಳು ದೋಣಿ ಬಿಟ್ಟು ಓಡಿದವು. ಹಬೀಬಾ ಸೆರಗು ಸರಿ ಮಾಡಿಕೊಂಡು ಎದ್ದಳು. ಹೆದರಲಿಲ್ಲ.

"ಅಂತೀನಕ್ಕ. ದಿನಾ ಅಂತೀನಿ. ಮತ್ತೇನನ್ನಲಿ? ಚೆಂದ ತಿಂತದ ಅನ್ನಲೇನು?"

ಗೊಲ್ಲಾಳಮ್ಮ ಎತ್ತಿದ ಕೈ ಇಳಿಸಿದಳು.

"ನಮ್ಮತ್ತಿ ಆ ಒಂದು ಮಾತಂದು, ಸಾಯೂತನ ಅತ್ತಾಳ" ಎಂದಳು ಹಬೀಬಾ. "ಆ ಮನಿ ಕೂಸು ಕಂಡ್ರ ಬಯ್ಯಿ, ಬಾಯಿತಪ್ಪಿ ಸೈತ ಚೆಂದ ಅನಬ್ಯಾಡ ಅಂತ ನನಗ ಆಣಿ ಹಾಕಿ ಹೋಗ್ಯಾಳ. ಇಂಥ ಮಾರಿಗೆ ಸುಟ್ಟ ಮಾರಿ ಅನ್ನಾಕ ನನಗೇನು ಖುಷಿ ಅದ ಅಂದ್ಕೊಂಡೀರಿ?"

"ಏನೇನು ತಿನಿಸಿದಿ? ಖರೇ ಹೇಳು."

"ನಾ ತಿನಿಸಿಲ್ಲ, ಅವನೇ ತಿಂದಾನ. ಗಜ್ಜರಿ, ಪೇರಲ, ಹಸಿಕಡ್ಲಿ. ಎಲ್ಲಾ ಮಣ್ಣಾಗಿಂದು, ಗಿಡದಾಗಿಂದು. ನಮ್ಮ ಒಲಿ ಮ್ಯಾಲಿಂದು ಒಂದು ಅಗಳೂ ಕೊಟ್ಟಿಲ್ಲ. ನಿಮ್ಮ ಮನಿ ರಿವಾಜು ನನಗ ಗೊತ್ತಿಲ್ಲೇನು?"

"ಯಾರು ಕಂಡಾರ?"

"ದೇವರು ಅಷ್ಟುದ್ದ ಮೂಗು ಕೊಟ್ಟಾನಲ್ಲ, ಮೂಸಿ ನೋಡ್ರಿ!"

ಗೊಲ್ಲಾಳಮ್ಮ ನಿಜಕ್ಕೂ ಕುಳಿತು, ಮೊಮ್ಮಗನ ಗಲ್ಲ ಹಿಡಿದು ಬಾಯಿ ಮೂಸಿದಳು. ಒಂದು ಸಲ, ಮತ್ತೊಂದು ಸಲ. ಗಜ್ಜರಿ. ಪೇರಲ. ಕಡಲೆಯ ಹುಳಿ. ಸ್ವಲ್ಪ ಹಸಿ ಮಣ್ಣು. ಅಷ್ಟೇ.

ಬಸ್ಯಾ ಆಟ ಅಂದುಕೊಂಡ. ಅರ್ಧ ಕಚ್ಚಿದ, ಎಂಜಲು ಸೋರುವ ಗಜ್ಜರಿಯನ್ನು ಅಜ್ಜಿಯ ತುಟಿಗೆ ಒತ್ತಿದ. "ಆಯಿ, ತಿನ್ನು."

ಗೊಲ್ಲಾಳಮ್ಮ ಸುತ್ತ ನೋಡಿದಳು. ಹೊರಗಿನವರ ಕಣ್ಣೆದುರು ಆಕೆ ಒಂದು ಕಾಳನ್ನೂ ಬಾಯಿಗೆ ಹಾಕಿದವಳಲ್ಲ.

"ನಾ ನೋಡಂಗಿಲ್ಲ ತಗೋರಿ" ಎಂದು ಹಬೀಬಾ ಬಾವಿಯ ಕಡೆ ತಿರುಗಿ ನಿಂತಳು.

ಗೊಲ್ಲಾಳಮ್ಮ ಕಚ್ಚಿದಳು. ಬಸ್ಯಾ ಆಕೆಯ ದವಡೆ ಆಡುವುದನ್ನೇ ಬಾಯಿ ತೆರೆದು ನೋಡಿದ, ಕೇಕೆ ಹಾಕಿದ, ಗಜ್ಜರಿ ಕಸಿದುಕೊಂಡು ತಾನು ಕಚ್ಚಿದ. ಮತ್ತೆ ಆಕೆಗೆ ಒತ್ತಿದ. ಹೀಗೆ ಇಬ್ಬರೂ ಕೂಡಿ ಗಜ್ಜರಿಯನ್ನು ಬುಡದವರೆಗೆ ಮುಗಿಸಿದರು.

ತಿರುಗಿ ನೋಡಿದರೆ ಮುಳ್ಳಿನ ಸಂದಿಯಲ್ಲಿ ಸೂಗಮ್ಮ ನಿಂತಿದ್ದಳು.

"ನಾನೇ ಬಿಟ್ಟೀನ್ರಿ ಅತ್ತಿ. ಒಂದಿನ ಅವನೇ ನುಸುಳಿ ಬಂದಿದ್ದ. ಹುಡುಕಾಕ ಬಂದ್ರ ಇಲ್ಲಿ ಕೂತು ತಿನ್ನಾಕತ್ತಿದ್ದ. ಅದನ್ನ ಕಂಡು ಹೆಂಗ ತಡೀಲಿ?"

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಅವತ್ತೇ ಗ್ವಾಡಿ ಕಟ್ಟಸತಿದ್ರಿ."

ಗೊಲ್ಲಾಳಮ್ಮ ಕೂಸನ್ನು ಎತ್ತಿಕೊಂಡು ಮನೆಗೆ ಬಂದಳು. ಕೆಲವು ದಿನ ಸೊಸೆಯೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ತುಪ್ಪದ ಗಡಿಗೆಯ ಮಸಿಗೆರೆ ಅಳಿಸಲಿಲ್ಲ. ದಿನವೂ ಮಧ್ಯಾಹ್ನ ಬಿರುಕಿನಲ್ಲಿ ಇಣುಕುವುದನ್ನು ಬಿಡಲಿಲ್ಲ. ಆದರೆ ಕಿತ್ತ ಮುಳ್ಳನ್ನು ತಿರುಗಿ ಒತ್ತಿಸಲೂ ಇಲ್ಲ.

ಎಳ್ಳು ಅಮಾವಾಸ್ಯೆಯ ಹಿಂದಿನ ದಿನ ಪಾರ್ವತೆಮ್ಮನ ಗಾಡಿ ಬಂದು ನಿಂತಿತು. ಗಾಡಿಯಲ್ಲಿ ಹೊಸ ಗಾದಿ ಹಾಸಿತ್ತು, ಕೂಸಿಗೆ ಬಿಸಿಲು ತಾಗದಂತೆ ಕಮಾನು ಕಟ್ಟಿತ್ತು. ಕೈಯಲ್ಲಿ ಇನ್ನೊಂದು ಡಬ್ಬಿ. ಸೂಗಮ್ಮ ಗಾಡಿಯನ್ನು ನೋಡಿದವಳೇ ಒಳಗೆ ಹೋಗಿ ಸಜ್ಜೆರೊಟ್ಟಿ ಬಡಿಯತೊಡಗಿದಳು. ಆ ಬಡಿತ ಸುರಪುರದ ಗುಡ್ಡಕ್ಕೆ ಹೊಡೆದು ತಿರುಗಿ ಬರುತ್ತಿತ್ತು.

"ಕೌದಿ ತಾ" ಎಂದಳು ಗೊಲ್ಲಾಳಮ್ಮ.

ಸೂಗಮ್ಮ ತಂದು ಕೊಟ್ಟಳು. ಗೊಲ್ಲಾಳಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ, ಪಡಸಾಲೆಯ ನಡುವೆ ಹಾಸಿ, ಅದರ ಮೇಲೆ ತಾನೇ ಕುಳಿತಳು. "ಎಲ್ಲಾರ ತಾಟೂ ಇಲ್ಲೇ ತಾ. ನಿನ್ನದೂ ತಾ."

"ಗಂಡಸರ ಜೋಡಿ?" ಭೀಮರಾಯ ಬೆಚ್ಚಿದ. "ಯವ್ವಾ, ಹಿತ್ತಲ ಬಾಗಲಾ ತೆರದದ."

"ತೆರದಿರ್ಲಿ. ಯಾರೂ ಕೂಸಿನ ಮಾರಿ ನೋಡಬ್ಯಾಡ್ರಿ. ನಿಮ್ಮ ನಿಮ್ಮ ತಾಟು ನೋಡ್ರಿ. ಯಾರೂ ತಿನ್ನು ಅನ್ನಬ್ಯಾಡ್ರಿ."

ಬಸ್ಯಾನ ಮುಂದೆ ಸಣ್ಣ ತಾಟು. ರೊಟ್ಟಿಯ ಚೂರು, ಕಾಳು ಸೊಪ್ಪು ಕೂಡಿಸಿ ಮಾಡಿದ ಭಜ್ಜಿ ಪಲ್ಯ, ಗಜ್ಜರಿ ಹೋಳು. ಎಲ್ಲರೂ ತಲೆ ತಗ್ಗಿಸಿದರು, ಎಲ್ಲರೂ ಓರೆಗಣ್ಣು ಬಿಟ್ಟರು. ಗೊಲ್ಲಾಳಮ್ಮ ದೊಡ್ಡ ತುತ್ತು ಮಾಡಿ ಬಾಯಿಗಿಟ್ಟಳು.

ಬಸ್ಯಾ ಒಂದು ಅವರೆಕಾಳು ಹೆಕ್ಕಿದ. ಬಾಯಿಗೆ ಹಾಕಿದ. ಉಗುಳಿದ.

"ನೋಡಿದಿ?" ಪಾರ್ವತೆಮ್ಮನ ಕೈ ಡಬ್ಬಿಗೆ ಹೋಯಿತು.

"ತಾಟು ನೋಡು" ಎಂದಳು ಗೊಲ್ಲಾಳಮ್ಮ. ಸೂಗಮ್ಮನ ತುತ್ತು ಕೈಯಲ್ಲೇ ನಿಂತಿತ್ತು. "ನೀನೂ ಉಣ್ಣು. ಉಪಾಸಿದ್ದಾಕಿ ಮಾರಿ ನೋಡಿ ಯಾವ ಕೂಸು ಉಣತದ?"

ಅಯ್ಯಣ್ಣ ಮಾತ್ರ ಯಾವ ಚಿಂತೆಯೂ ಇಲ್ಲದೆ ಭಜ್ಜಿ ಸುರ್ರೆಂದು ಹೀರಿ, ಬೆರಳು ನೆಕ್ಕಿದ. ಬಸ್ಯಾ ಅಜ್ಜನ ಬೆರಳು ನೋಡಿದ. ತನ್ನ ಬೆರಳನ್ನು ಭಜ್ಜಿಗೆ ಅದ್ದಿ ನೆಕ್ಕಿದ. ಉಗುಳಿದ ಕಾಳನ್ನೇ ತಿರುಗಿ ಹೆಕ್ಕಿ ಬಾಯಿಗೆ ಹಾಕಿದ. ಈ ಸಲ ಅದು ಒಳಗೆ ಹೋಯಿತು. ಆಮೇಲೆ ರೊಟ್ಟಿಯ ಚೂರು. ಆಮೇಲೆ ಗಜ್ಜರಿ. ತನ್ನ ತಾಟು ಮುಗಿಯುವ ಮೊದಲೇ ಅಜ್ಜನ ತಾಟಿಗೆ ಕೈ ಹಾಕಿದ.

ಪಾರ್ವತೆಮ್ಮನ ಕಣ್ಣಲ್ಲಿ ನೀರು ತುಂಬಿತು. ಅದು ಖುಷಿಯದೋ ಬೇರೆಯದೋ ಅವಳಿಗೇ ಗೊತ್ತು. "ಯವ್ವಾ, ಎಷ್ಟು ಚೆಂ..."

ಗೊಲ್ಲಾಳಮ್ಮನ ಭಜ್ಜಿಗೈ ಹಾರಿ ಬಂದು ಮಗಳ ಬಾಯಿ ಮುಚ್ಚಿತು. "ಬಯ್ಯಿ!"

"ಏನಂತ?"

"ಬಾಯಿಗೆ ಬಂದಂಗ."

ಪಾರ್ವತೆಮ್ಮ ಮುಖಕ್ಕೆ ಹತ್ತಿದ ಪಲ್ಯ ಒರೆಸಿಕೊಂಡಳು. ಕೂಸನ್ನು ನೋಡಿದಳು. "ಸುಟ್ಟ ಮಾರಿ ಕೋತಿ, ನಿಮ್ಮ ಅತ್ತಿಗೂ ಒಂದು ತುತ್ತು ಬಿಡೋ."

ಬಸ್ಯಾ ಯೋಚಿಸಿ, ತಾನು ಅಗಿದು ಹಣ್ಣು ಮಾಡಿದ ಗಜ್ಜರಿಯ ತುಂಡನ್ನು ಬಾಯಿಯಿಂದ ತೆಗೆದು ಸೋದರತ್ತೆಯ ಬಾಯಿಗೆ ಇಟ್ಟ.

ಹಿತ್ತಲ ಗೋಡೆಯ ಆಚೆಯಿಂದ ದನಿ ಬಂತು. "ಕರಿ ಕೋತಿ ಅನ್ರಿ ಅಕ್ಕಾ! ಬರೇ ಕೋತಿ ಅಂದ್ರ ಸಾಲಂಗಿಲ್ಲ!"

"ಬಿರುಕಿನಾಗ ಇಣಕಾಕತ್ತಿಯೇನು ಹಬೀಬಾ?"

"ನೀವು ಇಣಕಲಿಲ್ಲೇನು?"

ಮರುದಿನ ಹಬ್ಬ ಮುಗಿಸಿ ಪಾರ್ವತೆಮ್ಮ ಹೊರಟಾಗ ಹೊಸ ಗಾದಿಯ ಮೇಲೆ ಕೂಸಿನ ಬದಲು ಒಂದು ಬುಟ್ಟಿ ಗಜ್ಜರಿ ಕೂತಿತ್ತು, ಹಬೀಬಾ ಕಳಿಸಿದ್ದು. ಗೊಲ್ಲಾಳಮ್ಮ ಒಂದೊಂದನ್ನೂ ಎತ್ತಿ, ಮೂಸಿ, ಅನುಮಾನದಿಂದ ತಿರುಗಿಸಿ ನೋಡಿಯೇ ಬುಟ್ಟಿಗೆ ಇಟ್ಟಿದ್ದಳು.